ಸದ್ದಿಲ್ಲದೆ ಬಿಟ್ಟ ಬೋಧನೆಗಳು



ಕರಾವಳಿಯ ಕ್ಯಾಥೊಲಿಕರ ಬಗ್ಗೆ ಉಪನ್ಯಾಸವೆಂದರೆ ಅದಕ್ಕೊಂದು ಸವೆದ ದಾರಿಯಿದೆ. ಗೋವೆಯಿಂದ ಬಂದದ್ದು, ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಸೆರೆ, 1880ರಲ್ಲಿ ಜೆಸ್ವಿಟರು ಶುರುಮಾಡಿದ ಸೇಂಟ್ ಅಲೋಶಿಯಸ್ ಕಾಲೇಜು, ಅದರ ಚಾಪೆಲಿನಲ್ಲಿ ಇಟಲಿಯ ಮೊಸ್ಕೆನಿ ಬರೆದ ಚಿತ್ರಗಳು, ಸೆಪ್ಟೆಂಬರ್ 8ರ ತೆನೆಹಬ್ಬ, ಕೊನೆಗೆ ಸನ್ನಾ ಮತ್ತು ಹಂದಿ ಮಾಂಸ. ಅಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿ ಚಹಾಕ್ಕೆ ಏಳಬಹುದು. ಅದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಇದ್ದಾರೆ. ನಾನು ಇವತ್ತು ಆಡುವುದು ಮನೆಯೊಳಗಿನ ಮಾತು. ಚರ್ಚು ನಮಗೆ ಕಲಿಸಿದ ಕೆಲವು ಬೋಧನೆಗಳ ಬಗ್ಗೆ ಅನುಮಾನ ಹುಟ್ಟಿದ್ದು ಹೇಗೆ, ಆಮೇಲೆ ಆ ಬೋಧನೆಗಳಿಗೇ ಏನಾಯಿತು ಎಂಬುದು ವಿಷಯ. ನಾನು ಚರ್ಚು ಬಿಟ್ಟವಳಲ್ಲ. ಭಾನುವಾರ ಬೆಳಿಗ್ಗೆ ಹುಡುಕಿದರೆ ಎಡಬದಿಯ ಬೆಂಚುಗಳಲ್ಲಿ ಸಿಗುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಂಥ ಮಾತು ಆಡಿದವರನ್ನು ನಮ್ಮವರು "ಹೊರಗಿನವರಾದರು" ಎನ್ನುತ್ತಾರೆ, ಹೊರಗಿನವರು "ಕೊನೆಗೂ ಬಿಡುಗಡೆಯಾಯಿತು" ಎನ್ನುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ನಮ್ಮದು ಮಂಗಳೂರಿಗೆ ಒಳನಾಡಿನ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಗರ್ಜಿಯಲ್ಲಿ ನನಗೆ ಬುದ್ಧಿ ಬರುವವರೆಗೆ ಲ್ಯಾಟಿನ್. ಸಂಜೆ ಆಮೊರಿಯ, ಅಂದರೆ ಸಂಜೆಯ ಪ್ರಾರ್ಥನೆಯ, ಗಂಟೆ ಕೇಳಿದ ಕೂಡಲೆ ಇದ್ದಲ್ಲೇ ನಿಲ್ಲಬೇಕು. ದೀಪ ಹಚ್ಚಿದ ಮೇಲೆ ಪೀಠದ ಮುಂದೆ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆ. ಅದು ಮುಗಿದ ಮೇಲೆ ಅಜ್ಜಿಯಿಂದ ಹಿಡಿದು ವಯಸ್ಸಿನ ಕ್ರಮದಲ್ಲಿ ಹಿರಿಯರೆಲ್ಲರ ಬೆಸಾಂವ್ ಬೇಡಬೇಕು. ಅವರು ತಲೆ ಮುಟ್ಟಿ ಹರಸಿದ ಮೇಲೆಯೇ ಊಟ. ಈ ಕ್ರಮದ ಬಗ್ಗೆ ನನಗೆ ಇವತ್ತಿಗೂ ದೂರಿಲ್ಲ. ಮಧ್ಯಾಹ್ನವಿಡೀ ಬಾವಿಕಟ್ಟೆಯಲ್ಲಿ ಜಗಳಾಡಿದ ಅತ್ತಿಗೆ ನಾದಿನಿಯರು ರಾತ್ರಿ ಒಬ್ಬರ ಮುಂದೊಬ್ಬರು ಕೈಮುಗಿದು ನಿಲ್ಲಲೇಬೇಕಾದ ವ್ಯವಸ್ಥೆ ಅದು. ಅದಕ್ಕಿಂತ ಒಳ್ಳೆಯ ರಾಜಿ ಪಂಚಾಯಿತಿ ನಾನು ನೋಡಿಲ್ಲ.

ಭಾನುವಾರ ದೊತೊರ್ನ್, ಧರ್ಮೋಪದೇಶದ ಪಾಠ. ಪುಸ್ತಕವೆಲ್ಲ ಪ್ರಶ್ನೋತ್ತರ. ನಿನ್ನನ್ನು ಸೃಷ್ಟಿಸಿದವರು ಯಾರು, ಏತಕ್ಕೆ ಸೃಷ್ಟಿಸಿದರು ಎಂದು ಶುರುವಾಗಿ ಪಾಪಗಳ ಬಗೆ, ಸತ್ತ ಮೇಲಿನ ಜಾಗಗಳವರೆಗೆ ಹೋಗುತ್ತಿತ್ತು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ, ನಮ್ಮದು ಬಾಯಿಪಾಠ. ಸತ್ತ ಮೇಲಿನ ಜಾಗಗಳು ನಾಲ್ಕು: ಸ್ವರ್ಗ, ನರಕ, ಶುದ್ಧೀಕರಣ ಸ್ಥಳ, ಲಿಂಬೋ. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳು ಹೋಗುವುದು ಲಿಂಬೋಗೆ. ಅಲ್ಲಿ ಬೆಂಕಿಯಿಲ್ಲ, ನೋವಿಲ್ಲ, ಒಂದು ತೆರನಾದ ಸುಖವೇ ಇದೆ. ದೇವರ ಮುಖ ಮಾತ್ರ ಯಾವತ್ತಿಗೂ ಕಾಣಿಸದು. ತಾಯಿ ಸತ್ತು ಸ್ವರ್ಗಕ್ಕೆ ಹೋದರೂ ಮಗು ಅಲ್ಲಿರುವುದಿಲ್ಲ.

ಚರ್ಚಿನ ನಿಯಮಗಳು ಬದಲಾಗುವುದೂ ಉಂಟು. ಶುಕ್ರವಾರ ಮಾಂಸ ತಿನ್ನಬಾರದೆಂಬ ನಿಯಮವನ್ನು 1966ರಲ್ಲಿ ಪೋಪ್ ಆರನೆಯ ಪೌಲರು ಸಡಿಲಿಸಿದಾಗ ಲೋಕದ ಕ್ಯಾಥೊಲಿಕರೆಲ್ಲ ಒಂದೇ ಹಾಸ್ಯ ಮಾಡಿಕೊಂಡರು: ಹಾಗಾದರೆ ಮೊನ್ನೆಯವರೆಗೆ ತಿಂದು ನರಕಕ್ಕೆ ಬಿದ್ದವರ ಗತಿ ಏನು? ನಮ್ಮೂರಲ್ಲೂ ಈ ಮಾತಿಗೆ ನಕ್ಕಿದ್ದುಂಟು. ಲಿಂಬೋ ವಿಷಯದಲ್ಲಿ ಅದೇ ಪ್ರಶ್ನೆ ಕೇಳಿ ನಗಲಾಗುವುದಿಲ್ಲ.

ನನ್ನ ಚಿಕ್ಕಮ್ಮ ಬಾಣಂತನಕ್ಕೆ ನಮ್ಮ ಮನೆಗೆ ಬರುತ್ತಿದ್ದಳು. ಹೆರಿಗೆ ಮಾಡಿಸುತ್ತಿದ್ದದ್ದು ಬಿಲ್ಲವರ ಒಬ್ಬ ಹೆಂಗಸು. ಕೈ ಒಳ್ಳೆಯದು, ಬಾಯಿ ಜೋರು. ಅಜ್ಜಿ ಅವಳಿಗೆ ಒಂದು ವಿದ್ಯೆ ಕಲಿಸಿಟ್ಟಿದ್ದಳು. ಕೂಸು ಉಳಿಯುವ ಲಕ್ಷಣವಿಲ್ಲ ಎನಿಸಿದರೆ ಯಾರನ್ನೂ ಕಾಯಬಾರದು, ತಲೆಯ ಮೇಲೆ ನೀರು ಹೊಯ್ದು "ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂಬ ಮಾತನ್ನು ಕೊಂಕಣಿಯಲ್ಲಿ ಹೇಳಬೇಕು. ಗಂಡಾದರೆ ಜೊಸೆ, ಹೆಣ್ಣಾದರೆ ಮರಿ. ಅವಳು ಇದನ್ನು ತುಳು ಧಾಟಿಯಲ್ಲಿ ಹೇಳುತ್ತಿದ್ದಳು, ನಾವು ಹಿಂದಿನಿಂದ ಅಣಕಿಸುತ್ತಿದ್ದೆವು. ಇದು ಅಜ್ಜಿಯ ಸ್ವಂತ ಬುದ್ಧಿಯಲ್ಲ. ಅವಸರದಲ್ಲಿ ಯಾರು ಬೇಕಾದರೂ, ಕ್ರೈಸ್ತರಲ್ಲದವರೂ, ಚರ್ಚು ಮಾಡುವುದನ್ನು ಮಾಡುವ ಮನಸ್ಸಿಟ್ಟು ಜ್ಞಾನಸ್ನಾನ ಕೊಡಬಹುದೆಂದು ಫ್ಲಾರೆನ್ಸಿನ ಮಹಾಸಭೆ 1439ರಲ್ಲೇ ಬರೆದಿಟ್ಟಿದೆ. ಇವತ್ತಿಗೂ ಅದೇ ನಿಯಮ.

ಒಂದು ಮಳೆಗಾಲ ತೋಡು ತುಂಬಿ ಸಂಕ ಮುಳುಗಿತು, ಅವಳು ಬರುವುದು ತಡವಾಯಿತು. ಮನೆಯವರು ಚಿಕ್ಕಮ್ಮನ ಜೀವ ಉಳಿಸುವ ಗಾಬರಿಯಲ್ಲಿದ್ದರು. ಗಂಡುಕೂಸು ಒಂದೆರಡು ಸಲ ಉಸಿರೆಳೆದು ನಿಂತುಹೋಯಿತು. ಜ್ಞಾನಸ್ನಾನ ಆಗಲಿಲ್ಲ. ಹಾಗಾಗಿ ಗಂಟೆ ಬಾರಿಸಲಿಲ್ಲ, ಗುರುಗಳು ಬರಲಿಲ್ಲ. ಚಿಕ್ಕಪ್ಪ ಸೋಪಿನ ಮರದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಹೋಗಿ ಸ್ಮಶಾನದ ಗೋಡೆಯಾಚೆ, ಗೇರುಮರದ ಬುಡದಲ್ಲಿ ಹೂತು ಬಂದರು. ಮಂತ್ರಿಸಿದ ಮಣ್ಣಿನಲ್ಲಿ ಅಂಥವಕ್ಕೆ ಜಾಗವಿಲ್ಲ. ಗುರುತಿಗೆ ಒಂದು ಕಲ್ಲನ್ನೂ ಇಡಲಿಲ್ಲ. ಆ ಜಾಗದಲ್ಲಿ ಈಗ ಮದುವೆ ಹಾಲಿಗೆ ಬರುವ ಕಾರುಗಳು ನಿಲ್ಲುತ್ತವೆ.

ಆಗ ನನಗೆ ಬಂದ ಅನುಮಾನ ಕೂಸಿನದ್ದಲ್ಲ, ಸೂಲಗಿತ್ತಿಯದು. ನೀರು ಹೊಯ್ದು ಸ್ವರ್ಗದ ಬಾಗಿಲು ತೆಗೆಯುವ ಅಧಿಕಾರ ಅವಳಿಗಿದೆ. ಅವಳು ಸತ್ತರೆ ಅವಳನ್ನು ಒಳಗೆ ಬಿಡುತ್ತಾರೆಯೇ? ದೊತೊರ್ನ್ ಕಲಿಸುವ ಅಕ್ಕನನ್ನು ಕೇಳಿದೆ. ಅಂಥದ್ದನ್ನೆಲ್ಲ ಕೇಳಬಾರದು ಎಂದಳು. ಎಷ್ಟೋ ವರ್ಷ ಕಳೆದು ಪುಸ್ತಕ ತಿರುವುವಾಗ ಗೊತ್ತಾಯಿತು, ನನ್ನ ತೊಡಕಿನ ಎರಡು ತುದಿಯೂ ಒಂದೇ ಮಹಾಸಭೆಯದ್ದು. ಅನ್ಯಧರ್ಮೀಯರೂ ಜ್ಞಾನಸ್ನಾನ ಕೊಡಬಹುದೆಂದು 1439ರಲ್ಲಿ ಹೇಳಿದ ಫ್ಲಾರೆನ್ಸಿನ ಸಭೆ, 1442ರಲ್ಲಿ ಚರ್ಚಿನ ಹೊರಗಿರುವ ಅನ್ಯಧರ್ಮೀಯರು, ಯೆಹೂದಿಗಳು ಸಾಯುವ ಮೊದಲು ಒಳಗೆ ಸೇರದಿದ್ದರೆ ನಿತ್ಯ ಬೆಂಕಿಗೆ ಹೋಗುತ್ತಾರೆಂದು ಹೇಳಿತು. ಎರಡನ್ನೂ ಒಟ್ಟಿಗಿಟ್ಟರೆ ನಮ್ಮ ಸೂಲಗಿತ್ತಿಯ ಗತಿ ಸ್ಪಷ್ಟವಿತ್ತು. ಆದರೆ ಆ ಬೋಧನೆ ಹಾಗೇ ಉಳಿಯಲಿಲ್ಲ. ಹೊರಗಿನವರಿಗೆ ಮೋಕ್ಷವೇ ಇಲ್ಲವೆಂದು ಬಾಸ್ಟನ್ನಿನಲ್ಲಿ ಹಟ ಹಿಡಿದ ಫೀನಿ ಎಂಬ ಗುರುವನ್ನು 1953ರಲ್ಲಿ ರೋಮ್ ಬಹಿಷ್ಕರಿಸಿತು. ಹೊರಗಿನವರಿಗೆ ಮೋಕ್ಷವಿಲ್ಲ ಎಂದು ಸಾರುತ್ತ ಸಾರುತ್ತ ತಾನೇ ಹೊರಗಾದ ಮನುಷ್ಯ! 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸುವವರಿಗೂ ರಕ್ಷಣೆ ಸಿಗಬಹುದೆಂದು ಹೇಳಿತು. ಮರುವರ್ಷ ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳನ್ನು ಗೌರವದಿಂದ ಹೆಸರಿಸಿದ ಘೋಷಣೆ ಬಂತು. ನಾನು ಆ ಪ್ರಶ್ನೆ ಕೇಳಿ ಬೈಸಿಕೊಂಡ ಹೊತ್ತಿಗೆ ರೋಮಿನಲ್ಲಿ ಉತ್ತರ ಬದಲಾಗುತ್ತಿತ್ತು. ನಮ್ಮ ಇಗರ್ಜಿಯಲ್ಲಿ ಬಲಿಪೂಜೆ ಲ್ಯಾಟಿನ್ನಿನಿಂದ ಕೊಂಕಣಿಗೆ ಬಂದದ್ದನ್ನು ಕೂಗಿ ಹೇಳಿದರು, ಗುರುಗಳು ನಮ್ಮ ಕಡೆಗೆ ಮುಖ ಮಾಡಿ ನಿಂತದ್ದನ್ನು ನಾವೇ ನೋಡಿದೆವು. ಬಿಲ್ಲವರ ಹೆಂಗಸಿಗೆ ಸ್ವರ್ಗದ ದಾರಿ ತೆರೆದಿದೆ ಎಂಬ ಸುದ್ದಿಯನ್ನು ಯಾರೂ ಓದಲಿಲ್ಲ.

ಕೂಸಿನ ಸರದಿ ಬರಲು ಇನ್ನೂ ನಲವತ್ತು ವರ್ಷ ಹಿಡಿಯಿತು. ಇದರ ಹಿಂದಿನ ಕತೆ ಸ್ವಲ್ಪ ಹೇಳಬೇಕು. ಮೂಲಪಾಪ ಹುಟ್ಟಿನಿಂದಲೇ ಬರುತ್ತದೆ, ಜ್ಞಾನಸ್ನಾನವಿಲ್ಲದೆ ಅದು ತೊಳೆಯದು ಎಂದು ಐದನೆಯ ಶತಮಾನದಲ್ಲಿ ಪೆಲೇಜಿಯಸ್ ಪಂಥದವರೊಡನೆ ವಾದಿಸುತ್ತ ಸಂತ ಅಗಸ್ಟೀನರು ಒಂದು ಕಡೆ ಬಂದು ಸಿಕ್ಕಿಕೊಂಡರು. ಹಾಗಿದ್ದರೆ ಕೂಸುಗಳೂ ನರಕಕ್ಕೇ ಹೋಗಬೇಕು. ಅವುಗಳಿಗೆ ಎಲ್ಲಕ್ಕಿಂತ ಹಗುರವಾದ ಶಿಕ್ಷೆ ಎಂದು ಅವರು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡರು. ಮಧ್ಯಯುಗದ ಪಂಡಿತರಿಗೆ ಅಷ್ಟೂ ತಡೆಯಲಾಗಲಿಲ್ಲ. ಅವರು ಕೂಸುಗಳನ್ನು ಬೆಂಕಿಯಿಂದ ಎತ್ತಿ ಲಿಂಬೋದಲ್ಲಿಟ್ಟರು. ಅಂದರೆ ಲಿಂಬೋ ಹುಟ್ಟಿದ್ದೇ ಕನಿಕರದಿಂದ. ಇದನ್ನು ನಾನು ಮರೆಯಲಾರೆ. ಕನಿಕರ ನಡುದಾರಿಯಲ್ಲಿ ನಿಂತುಬಿಟ್ಟಿತು, ಅಷ್ಟೇ ನನ್ನ ದೂರು.

1983ರ ಕ್ಯಾನನ್ ಕಾನೂನಿನಲ್ಲಿ, ತಂದೆತಾಯಿಗೆ ಜ್ಞಾನಸ್ನಾನ ಕೊಡಿಸುವ ಮನಸ್ಸಿದ್ದು ಅಷ್ಟರಲ್ಲಿ ತೀರಿಕೊಂಡ ಮಗುವಿಗೆ ಬಿಷಪ್ಪರ ಅನುಮತಿಯಿಂದ ಚರ್ಚಿನ ಅಂತ್ಯಕ್ರಿಯೆ ಮಾಡಬಹುದೆಂದಾಯಿತು. 1992ರ ಧರ್ಮೋಪದೇಶ ಗ್ರಂಥದಲ್ಲಿ ಲಿಂಬೋದ ಹೆಸರೇ ಇಲ್ಲ. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿ ಸುಮ್ಮನಾಗಿದೆ. ಕೊನೆಗೆ 2007ರ ಏಪ್ರಿಲಿನಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗದ ವರದಿ, ಪೋಪ್ ಹದಿನಾರನೆಯ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ ಹೊರಬಂತು. ಈ ಮಕ್ಕಳು ದೇವರನ್ನು ಸೇರುತ್ತಾರೆಂದು ಆಶಿಸಲು ಬಲವಾದ ಕಾರಣಗಳಿವೆ, ಲಿಂಬೋ ಎಂಬುದು ಯಾವತ್ತೂ ವಿಶ್ವಾಸಸತ್ಯವಾಗಿರಲಿಲ್ಲ, ಅದು ಪಂಡಿತರ ಒಂದು ಅಭಿಪ್ರಾಯ ಎಂಬುದು ಅದರ ಸಾರ.

ಅಭಿಪ್ರಾಯ! ದೊತೊರ್ನ್ ಪುಸ್ತಕದಲ್ಲಿ ಸ್ವರ್ಗಕ್ಕೂ ಲಿಂಬೋಗೂ ಒಂದೇ ಅಚ್ಚು, ಒಂದೇ ಗಾತ್ರದ ಅಕ್ಷರ. ಇದು ಸಿದ್ಧಾಂತ, ಇದು ಬರೀ ಅಭಿಪ್ರಾಯ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ತಪ್ಪಾಗಿ ಉತ್ತರಿಸಿದರೆ ಎರಡಕ್ಕೂ ಒಂದೇ ಬೆತ್ತ. ಪಂಡಿತರ ಆ ಅಭಿಪ್ರಾಯವೇ ಸೋಪಿನ ಪೆಟ್ಟಿಗೆಯನ್ನು ಗೋಡೆಯಾಚೆ ಕಳಿಸಿತು. ನಮ್ಮೂರಲ್ಲಿ ಮಾತ್ರ ಹೀಗಾಯಿತು ಅಂದುಕೊಳ್ಳಬೇಡಿ. ಐರ್ಲೆಂಡಿನಲ್ಲಿ ಜ್ಞಾನಸ್ನಾನವಾಗದ ಕೂಸುಗಳನ್ನು ಹೂಳುತ್ತಿದ್ದ ಪ್ರತ್ಯೇಕ ಜಾಗಗಳು ನೂರಾರಿವೆ. ಕಿಲ್ಲೀನಿ ಎನ್ನುತ್ತಾರೆ. ಹೊಲದ ಮೂಲೆ, ಕಡಲ ದಂಡೆ, ಪಾಳುಬಿದ್ದ ಕೋಟೆಯ ಒಳಗು. ರಾತ್ರಿ ಹೊತ್ತು ತಂದೆಯೊಬ್ಬನೇ ಹೋಗಿ ಹೂತು ಬರುತ್ತಿದ್ದ.

ವರದಿಯ ಸುದ್ದಿ ಪೇಪರಿನಲ್ಲಿ ಬಂದಾಗ ಚಿಕ್ಕಮ್ಮ ಇನ್ನೂ ಬದುಕಿದ್ದಳು. ಓದಿ ಹೇಳಲು ಹೋದೆ. ಹಿತ್ತಿಲ ಜಗಲಿಯಲ್ಲಿ ಬಸಳೆಯ ದಂಟು ಮುರಿಯುತ್ತಿದ್ದಳು. ನಾನು ಹೇಳುವುದನ್ನು ಪೂರ್ತಿ ಕೇಳಿದಳು.

"ಯಾರು ಹೇಳಿದ್ದು ಇದನ್ನು?"

"ರೋಮಿನವರು. ಪೋಪರೂ ಒಪ್ಪಿದ್ದಾರೆ."

"ಅವರಿಗೆ ಈಗ ಗೊತ್ತಾಯಿತಾ?"

ಆಮೇಲೆ, ದಂಟು ಮುರಿಯುತ್ತಲೇ, ನಾನು ಯಾವತ್ತೂ ಕೇಳಿರದ ಒಂದು ಮಾತು ಹೇಳಿದಳು. ಅವಳು ಆ ಮಗುವಿಗಾಗಿ ಒಂದು ದಿನವೂ ಪ್ರಾರ್ಥಿಸಿರಲಿಲ್ಲ. ಮಗುವಿನ ಹತ್ತಿರವೇ ಪ್ರಾರ್ಥಿಸುತ್ತಿದ್ದಳು. ಗಂಡನಿಗೆ ಟೈಫಾಯ್ಡ್ ಆದಾಗ, ಮಗಳ ಮದುವೆ ಮುರಿಯುವ ಹಂತಕ್ಕೆ ಬಂದಾಗ, ಅಣ್ಣತಮ್ಮಂದಿರ ಪಾಲುಪಟ್ಟಿಯ ಗಲಾಟೆಯಲ್ಲಿ, ಸಂತ ಅಂತೋನಿಗಿಂತ ಮೊದಲು ಅವನನ್ನೇ ಕೇಳಿಕೊಳ್ಳುತ್ತಿದ್ದಳಂತೆ. "ನನ್ನ ಮಗ ದೇವರ ಹತ್ತಿರ ಇಲ್ಲದೆ ಇನ್ನೆಲ್ಲಿರುತ್ತಾನೆ? ಪಾಪ ಮಾಡಲು ಅವನಿಗೆ ಹೊತ್ತೆಲ್ಲಿತ್ತು?" ನಾಲ್ಕನೆಯ ಕ್ಲಾಸು ಓದಿದ ಹೆಂಗಸು. ಪುಸ್ತಕದ ಉತ್ತರವನ್ನು ದೊತೊರ್ನಿನಲ್ಲಿ ತಪ್ಪಿಲ್ಲದೆ ಒಪ್ಪಿಸಿದವಳು, ತನ್ನ ಮಕ್ಕಳಿಗೂ ಅದನ್ನೇ ಬಾಯಿಪಾಠ ಮಾಡಿಸಿದವಳು. ಇಡೀ ಕಾಲ ಅದನ್ನು ನಂಬಿರಲಿಲ್ಲ. ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಸಾಮಾನ್ಯರ ಇಂಥ ನಂಬಿಕೆಗೆ ದೈವಶಾಸ್ತ್ರದಲ್ಲಿ ದೊಡ್ಡ ಆಧಾರವೇ ಇದೆ. ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ 1859ರಲ್ಲಿ ಒಂದು ಲೇಖನ ಬರೆದು, ಸಿದ್ಧಾಂತದ ವಿಷಯಗಳಲ್ಲಿ ಸಾಮಾನ್ಯ ವಿಶ್ವಾಸಿಗಳನ್ನೂ ಕೇಳಬೇಕು ಎಂದು ವಾದಿಸಿದರು. ನಾಲ್ಕನೆಯ ಶತಮಾನದಲ್ಲಿ ಏರಿಯಸ್‌ನ ವಾದ ಹಬ್ಬಿ ಬಿಷಪ್ಪರುಗಳೇ ತಡವರಿಸುತ್ತಿದ್ದಾಗ ಕ್ರಿಸ್ತನ ದೈವತ್ವದ ನಂಬಿಕೆಯನ್ನು ಹಿಡಿದು ನಿಂತವರು ಜನಸಾಮಾನ್ಯರು ಎಂಬುದು ಅವರ ಉದಾಹರಣೆ. ಅದಕ್ಕಾಗಿ ಅವರ ಮೇಲೆ ರೋಮಿಗೆ ದೂರು ಹೋಯಿತು, ವರ್ಷಗಟ್ಟಲೆ ಅನುಮಾನದ ನೆರಳಲ್ಲಿ ಬದುಕಿದರು. ಅದೇ ನ್ಯೂಮನ್ನರನ್ನು 2019ರಲ್ಲಿ ಸಂತರೆಂದು ಸಾರಿದರು, 2025ರ ನವೆಂಬರ್ 1ರಂದು ಚರ್ಚಿನ ಆಚಾರ್ಯರ ಪಟ್ಟಿಗೂ ಸೇರಿಸಿದರು. ಬಾಯಿ ಮುಚ್ಚಿಸುವುದು, ಆಮೇಲೆ ಪೀಠದ ಮೇಲೆ ಕೂರಿಸುವುದು ನಮ್ಮಲ್ಲಿ ಒಂದು ಪದ್ಧತಿಯೇ ಆಗಿದೆ. ಅಮೆರಿಕದ ಜೆಸ್ವಿಟ್ ಮರ್ರೆಯವರನ್ನು ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಬರೆಯಬಾರದೆಂದು 1950ರ ದಶಕದಲ್ಲಿ ತಡೆದರು. 1965ರ ಮಹಾಸಭೆಯ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ರೂಪಿಸಿದವರಲ್ಲಿ ಅವರೇ ಪ್ರಮುಖರು. ಫ್ರಾನ್ಸಿನ ಕೊಂಗಾರ್ ಪಾಠ ಮಾಡಬಾರದೆಂದು ಒಮ್ಮೆ ನಿಷೇಧಕ್ಕೊಳಗಾದವರು, 1994ರಲ್ಲಿ ಕಾರ್ಡಿನಲ್ ಆದರು. ಚಿಕ್ಕಮ್ಮನಿಗೆ ಈ ಯಾವ ಹೆಸರೂ ಗೊತ್ತಿರಲಿಲ್ಲ.

ಲಿಂಬೋ ವಿಷಯದಲ್ಲಿ ರೋಮ್ ಬೋಧನೆಯನ್ನು ಸದ್ದಿಲ್ಲದೆ ಬಿಟ್ಟಿತು. ಇನ್ನೊಂದರಲ್ಲಿ ಜನ ಸದ್ದಿಲ್ಲದೆ ಬಿಟ್ಟರು, ರೋಮ್ ಬಿಡಲಿಲ್ಲ. ಗರ್ಭನಿರೋಧದ ವಿಷಯ ಹೇಳುತ್ತಿದ್ದೇನೆ. ಈ ವೇದಿಕೆಯಲ್ಲಿ ಇದನ್ನು ಎತ್ತಬೇಡಿ ಎಂದು ನನ್ನ ಹಿತೈಷಿಗಳು ಹೇಳಿದ್ದರು. ಎತ್ತದಿದ್ದರೆ ನಾನು ಇಷ್ಟು ಹೊತ್ತು ಮೌನದ ಮೇಲೆ ಹೊರಿಸಿದ ದೂರನ್ನೇ ವಾಪಸು ಪಡೆಯಬೇಕಾಗುತ್ತದೆ.

ಪೋಪ್ ಇಪ್ಪತ್ತಮೂರನೆಯ ಜಾನ್ 1963ರಲ್ಲಿ ಇದನ್ನು ಪರಿಶೀಲಿಸಲು ಒಂದು ಆಯೋಗ ನೇಮಿಸಿದರು. ಅವರ ನಂತರ ಬಂದ ಆರನೆಯ ಪೌಲರು ಅದನ್ನು ಹಿಗ್ಗಿಸಿ ವೈದ್ಯರನ್ನೂ ಗಂಡಹೆಂಡಿರನ್ನೂ ಸೇರಿಸಿದರು. ಷಿಕಾಗೊದ ಕ್ರೌಲಿ ದಂಪತಿಗಳು ಬೇರೆ ಬೇರೆ ದೇಶದ ಕ್ಯಾಥೊಲಿಕ್ ಸಂಸಾರಸ್ಥರ ಪತ್ರಗಳನ್ನು ಸಂಗ್ರಹಿಸಿ ತಂದು ಆಯೋಗದ ಮುಂದಿಟ್ಟರು. ದಿನ ಎಣಿಸುವ ಕ್ರಮವನ್ನು ನಿಷ್ಠೆಯಿಂದ ಪಾಲಿಸಿ ಸೋತವರ ಪತ್ರಗಳು. ಇನ್ನೊಂದು ಗೆಲಿಲಿಯೋ ಪ್ರಕರಣ ನಮಗೆ ಬೇಡ ಎಂದು ಬೆಲ್ಜಿಯಮ್ಮಿನ ಕಾರ್ಡಿನಲ್ ಸ್ಯುನೆನ್ಸ್ 1964ರಲ್ಲಿ ಮಹಾಸಭೆಯಲ್ಲೇ ಎಚ್ಚರಿಸಿದ್ದರು. 1966ರಲ್ಲಿ ಆಯೋಗದ ಬಹುಮತ ಬದಲಾವಣೆಯ ಕಡೆಗಿತ್ತು. 1968ರ ಜುಲೈ 25ರ ತಾರೀಕಿನ ‘ಹ್ಯುಮಾನೆ ವೀಟೆ’ ಪತ್ರದಲ್ಲಿ ಪೋಪರು ಅದನ್ನು ತಳ್ಳಿಹಾಕಿದರು. ಕ್ಯಾಲೆಂಡರ್ ನೋಡಬಹುದು, ಮಾತ್ರೆ ನುಂಗಬಾರದು, ಆಪರೇಶನ್ ಮಾಡಿಸಬಾರದು.

ನಮ್ಮಜ್ಜಿಯ ಕಾಲದಲ್ಲಿ ಎಂಟು ಹತ್ತು ಮಕ್ಕಳು, ನನ್ನ ಕಾಲಕ್ಕೆ ಮೂರು, ಈಗ ಒಂದು ಅಥವಾ ಎರಡು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಹಿಂದೂಗಳ ಸರಾಸರಿ ಹೆರಿಗೆ ದರ 1.94, ಕ್ರೈಸ್ತರದ್ದು 1.88. ಅದರಲ್ಲಿ ಪ್ರೊಟೆಸ್ಟೆಂಟರೂ ಸೇರಿದ್ದಾರೆ, ಸರಿ. ಆದರೂ ಇದು ಬರೀ ಕ್ಯಾಲೆಂಡರ್ ನೋಡಿ ಆದದ್ದು ಎಂದು ನಂಬುವ ಗುರುಗಳು ಯಾರಾದರೂ ಇದ್ದರೆ ಅವರ ವಿಶ್ವಾಸಕ್ಕೆ ನನ್ನ ನಮಸ್ಕಾರ. ನಮ್ಮ ಹೆಂಗಸರು ಮೂರನೆಯ ಹೆರಿಗೆಯ ಮರುದಿನ ಆಸ್ಪತ್ರೆಯಲ್ಲೇ "ಅದನ್ನೂ ಮಾಡಿಸಿಕೊಂಡು" ಬಂದರು. ಆಮೇಲೆ ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ಹೋಗಿ ಸಿಟ್ಟು ಮಾಡಿದ್ದು, ಸುಳ್ಳು ಹೇಳಿದ್ದು, ಶುಕ್ರವಾರ ಮರೆತು ಮೀನು ಬಿಟ್ಟು ಕೋಳಿ ತಿಂದದ್ದು, ಎಲ್ಲ ಹೇಳಿದರು. ಇದೊಂದನ್ನು ಹೇಳಲಿಲ್ಲ. ಗುರುಗಳು ಕೇಳಲೂ ಇಲ್ಲ. ಹೇಳದವರಲ್ಲಿ ನಾನೂ ಒಬ್ಬಳು. ಅದು ಪಾಪವೆಂದು ಮನಸ್ಸಾಕ್ಷಿ ಒಪ್ಪದಿದ್ದರೆ ಹೇಳಬೇಕಾದದ್ದಾದರೂ ಏನು? ಮನಸ್ಸಾಕ್ಷಿಗೆ ದೊಡ್ಡ ಸ್ಥಾನ ಕೊಟ್ಟದ್ದೂ ಎರಡನೆಯ ವ್ಯಾಟಿಕನ್ ಮಹಾಸಭೆಯೇ. ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಈ ಬೋಧನೆಯನ್ನು ಪಾಲಿಸಲಾಗದವರು ತಮಗೆ ಸರಿ ಎನಿಸಿದ ದಾರಿಯನ್ನು ಪ್ರಾಮಾಣಿಕವಾಗಿ ಆರಿಸಿಕೊಂಡರೆ ಅದು ಒಳ್ಳೆಯ ಮನಸ್ಸಾಕ್ಷಿಯ ನಡೆಯೇ ಎಂಬ ಅರ್ಥದ ಮಾತನ್ನು ಕೆನಡಾದ ಬಿಷಪ್ಪರುಗಳು 1968ರ ಸೆಪ್ಟೆಂಬರಿನಲ್ಲೇ ಹೇಳಿದ್ದರು. ಅಂಥ ಸಮಾಧಾನ ನಮ್ಮೂರಿನ ಪ್ರವಚನದಲ್ಲಿ ನಾನು ಕೇಳಿಲ್ಲ.

ಆ ಪತ್ರಕ್ಕೆ ಅನ್ಯಾಯ ಮಾಡುವುದೂ ಬೇಡ. ಅದನ್ನು ಬೈಯುವವರಲ್ಲಿ ಹೆಚ್ಚಿನವರು ಪೂರ್ತಿ ಓದಿದವರಲ್ಲ. ಈ ವಿಧಾನಗಳು ಸರ್ಕಾರಗಳ ಕೈಗೆ ಸಿಕ್ಕರೆ ಅವು ಜನರ ಮೇಲೆ ಬಲವಂತವಾಗಿ ಹೇರಿಯಾವು ಎಂಬ ಎಚ್ಚರಿಕೆ ಅದರಲ್ಲಿದೆ. ಏಳೆಂಟು ವರ್ಷದೊಳಗೆ, ತುರ್ತುಪರಿಸ್ಥಿತಿಯಲ್ಲಿ, ನಮ್ಮ ದೇಶದಲ್ಲೇ ಬಡವರನ್ನು ಲಾರಿಯಲ್ಲಿ ತುಂಬಿ ಶಸ್ತ್ರಚಿಕಿತ್ಸೆಗೆ ಒಯ್ದರು. ಆ ಭಯ ಸುಳ್ಳಾಗಿರಲಿಲ್ಲ. ಸರ್ಕಾರದ ಬಲವಂತಕ್ಕೆ ಹೆದರಿದ ಪತ್ರ, ಎರಡು ಮಕ್ಕಳ ತಾಯಿಯೊಬ್ಬಳ ಸ್ವಂತ ತೀರ್ಮಾನವನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿತಲ್ಲ, ಅಲ್ಲಿಗೆ ನಾನು ಅದರ ಜೊತೆ ಹೋಗಲಾರೆ.

ಜಾತಿಯ ವಿಷಯ ಹೇಳದೆ ಇಳಿದರೆ ನೀವು ಬಿಡಲಾರಿರಿ. ಇಲ್ಲಿ ಕತೆ ತಲೆಕೆಳಗು. ಬೋಧನೆ ಸರಿಯಾಗಿಯೇ ಇದೆ, ನಡೆಯುವುದಿಲ್ಲ. ಬಾಮಣ್, ಚಾರೊಡಿ, ಸುದಿರ್ ಎಂಬ ಲೆಕ್ಕ ನಮ್ಮ ಸಂಬಂಧ ಕುದುರಿಸುವವರ ಬಾಯಲ್ಲಿ ಇನ್ನೂ ಜೀವಂತವಾಗಿದೆ. ತಮಿಳುನಾಡಿನ ತಿರುಚ್ಚಿಯ ಒಂದು ಕ್ಯಾಥೊಲಿಕ್ ಸ್ಮಶಾನದಲ್ಲಿ ಸತ್ತವರ ನಡುವೆಯೇ ಜಾತಿಯ ಗೋಡೆಯಿದೆ. ಭಾರತದ ಬಿಷಪ್ಪರ ಮಂಡಳಿ ದಲಿತ ಸಬಲೀಕರಣದ ನೀತಿ ಹೊರಡಿಸಿದ್ದು 2016ರ ಕೊನೆಗೆ; ಮೊದಲ ದಲಿತ ಕಾರ್ಡಿನಲ್, ಹೈದರಾಬಾದಿನ ಆಂಥೊನಿ ಪೂಲ, ನೇಮಕವಾದದ್ದು 2022ರಲ್ಲಿ. ಮಾತ್ರೆ ನುಂಗಿದ್ದು ಪಾಪವೇ ಎಂದು ಪುಟಗಟ್ಟಲೆ ಬರೆದವರು, ಜಾತಿ ನೋಡಿ ಹೆಣ್ಣು ಕೊಟ್ಟದ್ದನ್ನು ಕುಮ್ಸಾರಿನಲ್ಲಿ ಹೇಳಬೇಕೆಂದು ಒಬ್ಬರಿಗಾದರೂ ಕಲಿಸಿದ್ದರೆ ಚೆನ್ನಾಗಿತ್ತು. ಈ ವಿಷಯ ನನ್ನ ಅನುಭವದ್ದಲ್ಲ, ನಮ್ಮ ಮನೆ ಆ ಏಣಿಯ ಮೇಲಿನ ಮೆಟ್ಟಿಲಿನದು. ಕೆಳಗಿದ್ದವರು ಮಾತಾಡಿದರೆ ಇದಕ್ಕಿಂತ ಗಟ್ಟಿಯಾಗಿ ಆಡುತ್ತಾರೆ, ಮುಂದಿನ ವರ್ಷ ಅವರನ್ನು ಕರೆಯಿರಿ.

ಇಷ್ಟೆಲ್ಲ ಇದ್ದೂ ಯಾಕೆ ಅಲ್ಲೇ ಇದ್ದೀರಿ ಎಂದು ಕೇಳುವವರಿಗೆ ನನ್ನ ಉತ್ತರ ಸಣ್ಣದು. ಪ್ರಶ್ನೆ ಕೇಳಲು ಬೇಕಾದ ಬಂಡವಾಳ ಸಿಕ್ಕಿದ್ದೂ ಅಲ್ಲಿಯೇ. ಸಣ್ಣ ಮಕ್ಕಳನ್ನು ಹತ್ತಿರ ಬಿಡಿ ಎಂದು ಯೇಸು ಶಿಷ್ಯರನ್ನು ಗದರಿಸಿದ ಕತೆಯನ್ನು ಕಲಿಸಿದ್ದೂ ಲಿಂಬೋ ಕಲಿಸಿದ ದೊತೊರ್ನಿನ ಅಕ್ಕನೇ. ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕಿತ್ತು. ಯಾವುದು ಎಂಬುದನ್ನು ಚಿಕ್ಕಮ್ಮ ರೋಮಿಗಿಂತ ಮೊದಲೇ ತೀರ್ಮಾನಿಸಿಕೊಂಡಿದ್ದಳು.

ನನ್ನದೊಂದು ಕೋರಿಕೆ ಇದೆ. ಚರ್ಚು ಬದಲಾಗುವುದಿಲ್ಲ ಎಂಬ ಟೀಕೆ ನನ್ನದಲ್ಲ. ಬದಲಾಗುತ್ತದೆ, ಆದರೆ ಬದಲಾದದ್ದನ್ನು ಹೇಳುವುದಿಲ್ಲ. ಹಳೆಯ ಬೋಧನೆಯ ಭಾರ ಹೊತ್ತವರಿಗೆ ಇನ್ನು ಇಳಿಸಿ ಎಂದು ಹೇಳುವವರಿಲ್ಲ. ನವೆಂಬರ್ 2, ಸಕಲ ಮೃತರ ದಿನ, ಸ್ಮಶಾನದಲ್ಲಿ ಸಮಾಧಿಗಳಿಗೆ ತೀರ್ಥ ಚಿಮುಕಿಸುವಾಗ ಗೋಡೆಯಾಚೆಯವರ ಹೆಸರಿನಲ್ಲೂ ಒಂದು ಪ್ರಾರ್ಥನೆ ಇರಲಿ. ಅದಕ್ಕಿಂತ ಮುಖ್ಯವಾಗಿ, ಅಂದಿನ ಪ್ರಕಟಣೆಗಳಲ್ಲಿ, ಹಾಲಿನ ಬಾಡಿಗೆ, ಹಬ್ಬದ ಚಂದಾ ಇವುಗಳ ನಡುವೆಯೇ ಆದರೂ ಸರಿ, ಇಷ್ಟನ್ನು ಕೊಂಕಣಿಯಲ್ಲಿ, ಕನ್ನಡದಲ್ಲಿ ಓದಲಿ: ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಮಕ್ಕಳ ಬಗ್ಗೆ ಈ ಇಗರ್ಜಿಯಲ್ಲಿ ಹಿಂದೆ ಹೀಗೆ ಕಲಿಸಲಾಗಿತ್ತು, ಈಗ ಹಾಗೆ ಕಲಿಸುತ್ತಿಲ್ಲ. ನಮ್ಮ ಗುರುಗಳ ಮುಂದೆ ಇದನ್ನಿಟ್ಟೆ. ಒಳ್ಳೆಯ ಮನುಷ್ಯ, ಚಿಕ್ಕವಯಸ್ಸು. "ಈಗ ಯಾರಿಗೆ ನೆನಪಿದೆ ಅದೆಲ್ಲ" ಎಂದರು. ಕೂಸುಗಳನ್ನು ಹೀಗೆ ಗೋಡೆಯಾಚೆ ಹೂತ ಹಳೆಯ ಮನೆಗಳಲ್ಲಿ ಇನ್ನೂ ಬದುಕಿರುವ ತಾಯಂದಿರ ಹೆಸರುಗಳನ್ನು, ಅವರವರ ಒಪ್ಪಿಗೆ ಪಡೆದು, ಪಟ್ಟಿ ಮಾಡಿ ಗುರುಗಳಿಗೆ ಕೊಟ್ಟಿದ್ದೇನೆ.